ಸಕ್ಕರೆ ಕಾಯಿಲೆ ಇರುವವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಸ್ಲೀವ್, ಬೈಪಾಸ್ ಅಥವಾ ಔಷಧ?

ನನ್ನ ಅಕ್ಕನಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸುವ ಮಾತು ಮನೆಯಲ್ಲಿ ಬಂದಾಗ, ಎಷ್ಟು ಕಿಲೋ ಇಳಿಯುತ್ತದೆ ಎಂಬುದೇ ನಾವೆಲ್ಲ ಕೇಳಿದ ಮೊದಲ ಪ್ರಶ್ನೆಯಾಗಿತ್ತು. ಮಧುಮೇಹ ತಜ್ಞರು ಅದಕ್ಕೆ ಉತ್ತರ ಹೇಳುವ ಮೊದಲು, "ಶುಗರ್ ಬಂದು ಎಷ್ಟು ವರ್ಷವಾಯಿತಮ್ಮ? ಎಷ್ಟು ಬಗೆಯ ಮಾತ್ರೆ ನಡೆಯುತ್ತಿದೆ? ಇನ್ಸುಲಿನ್ ಶುರುವಾಗಿದೆಯೇ?" ಎಂದು ವಿಚಾರಿಸಿದರು. ಅಕ್ಕನಿಗೆ ಆಗ ನಲವತ್ನಾಲ್ಕು ವರ್ಷ. ಕಾಯಿಲೆಗೆ ಆರು ವರ್ಷ. ಆಯ್ಕೆಯನ್ನು ನಿರ್ಧರಿಸಿದ್ದು ಹೆಚ್ಚಾಗಿ ಆ ಎರಡನೆಯ ಸಂಖ್ಯೆ. ಈ ದಾರಿಯಲ್ಲಿ ಹೊರಟಿರುವ ಕುಟುಂಬಗಳು ತಕ್ಕಡಿಯ ಲೆಕ್ಕಕ್ಕಿಂತ ಮೊದಲು ಕಾಯಿಲೆಯ ವಯಸ್ಸನ್ನು ಲೆಕ್ಕ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಈ ಬರಹದ ಹೋಲಿಕೆಗಳೆಲ್ಲ ಅದನ್ನೇ ಆಧರಿಸಿವೆ.

ಕಾರಣ ಸರಳವಾಗಿದೆ. ಟೈಪ್ 2 ಮಧುಮೇಹದಲ್ಲಿ ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್ ಸ್ರವಿಸುವ ಜೀವಕೋಶಗಳು ವರ್ಷ ಕಳೆದಂತೆ ಸೋಲುತ್ತಾ ಬರುತ್ತವೆ. ಶಸ್ತ್ರಚಿಕಿತ್ಸೆಯು ಅವುಗಳ ಮೇಲಿನ ಹೊರೆಯನ್ನು ಇಳಿಸುತ್ತದೆ, ಕರುಳಿನಿಂದ ಬರುವ ಜಿಎಲ್‌ಪಿ-1ರಂತಹ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ, ಲಿವರ್‌ನಲ್ಲಿ ಸೇರಿಕೊಂಡ ಕೊಬ್ಬನ್ನು ಕರಗಿಸುತ್ತದೆ. ಆದರೆ ಸತ್ತುಹೋದ ಜೀವಕೋಶಗಳನ್ನು ಮತ್ತೆ ಹುಟ್ಟಿಸುವುದಿಲ್ಲ. ಆದ್ದರಿಂದ ಐದಾರು ವರ್ಷದ ಕಾಯಿಲೆಗೆ ಮಾತ್ರೆ ಮಾತ್ರ ತೆಗೆದುಕೊಳ್ಳುತ್ತಿರುವವರಿಗೂ, ಹದಿನೈದು ವರ್ಷದಿಂದ ಕಾಯಿಲೆಯಿದ್ದು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೂ ಒಂದೇ ಫಲ ಸಿಗುವುದಿಲ್ಲ. ಗ್ರಂಥಿಯಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನು ಅಂದಾಜು ಮಾಡಲು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ಅದನ್ನು ಮಾಡಿಸಲು ಕೇಳಬೇಕು. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದು ಬೇಗನೆ ಇನ್ಸುಲಿನ್‌ಗೆ ತಿರುಗಿದವರಲ್ಲಿ ಅದು ನಿಜಕ್ಕೂ ಟೈಪ್ 1, ಅಂದರೆ ಗ್ರಂಥಿಯಲ್ಲಿ ಇನ್ಸುಲಿನ್ ಬಹುತೇಕ ಹುಟ್ಟದ ಬಗೆಯ ಮಧುಮೇಹ ಆಗಿರಬಹುದು. ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ತೂಕವೂ ಇನ್ಸುಲಿನ್ ಪ್ರಮಾಣವೂ ಇಳಿಯಬಹುದೇ ಹೊರತು, ಇನ್ಸುಲಿನ್ ಅನ್ನು ಒಂದು ದಿನವೂ ಪೂರ್ತಿ ನಿಲ್ಲಿಸುವಂತಿಲ್ಲ.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಜಾಹೀರಾತುಗಳಲ್ಲಿ "ಮಧುಮೇಹ ಗುಣ" ಎಂದು ಬರೆದಿರುತ್ತದೆ. ವೈದ್ಯರು ಬಳಸುವ ಪದ ರೆಮಿಷನ್, ಅಂದರೆ ಶಮನ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ, ಸಕ್ಕರೆ ಇಳಿಸುವ ಯಾವ ಔಷಧವೂ ಇಲ್ಲದೆ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇ 6.5ಕ್ಕಿಂತ ಕೆಳಗಿದ್ದರೆ ಅದು ಶಮನ. ಶಮನಗೊಂಡ ಕಾಯಿಲೆ ಮರಳಬಹುದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಧುಮೇಹಿಗಳ ಪೈಕಿ ಎರಡು ವರ್ಷಕ್ಕೆ ಶೇ 72ರಷ್ಟು ಮಂದಿ ಶಮನದಲ್ಲಿದ್ದರು; ಹತ್ತು ವರ್ಷಕ್ಕೆ ಆ ಪ್ರಮಾಣ ಶೇ 36ಕ್ಕೆ ಇಳಿದಿತ್ತು. ಹಾಗೆಂದು ನಿರಾಶರಾಗಬೇಕಿಲ್ಲ, ಏಕೆಂದರೆ ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕಣ್ಣು, ಮೂತ್ರಪಿಂಡ ಮುಂತಾದ ಕಡೆ ಮಧುಮೇಹದಿಂದಾಗುವ ತೊಂದರೆಗಳು ಗಣನೀಯವಾಗಿ ಕಡಿಮೆಯಾಗಿದ್ದವು.

ಶಸ್ತ್ರಚಿಕಿತ್ಸೆಯೋ, ಔಷಧವೋ?

2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಟೈಪ್ 2 ಮಧುಮೇಹ ಇರುವವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ) 30 ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದವರಿಗೆ ಈ ಗಡಿಯನ್ನು ಇನ್ನೂ ಕೆಳಕ್ಕೆ ತಂದು, 27.5ರಿಂದಲೇ ಈ ದಾರಿಯನ್ನು ತೆರೆದಿಟ್ಟಿದ್ದಾರೆ. ನಮ್ಮವರಿಗೆ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಿ ಸಕ್ಕರೆ ಕಾಯಿಲೆ ಬರುವುದೇ ಇದಕ್ಕೆ ಕಾರಣ. ಆದರೆ ಆರೋಗ್ಯ ವಿಮೆಯ ಗಡಿ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮಗಳ ಪ್ರಕಾರ, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ನಿಯಂತ್ರಣಕ್ಕೆ ಬಾರದ ಟೈಪ್ 2 ಮಧುಮೇಹದಂತಹ ತೀವ್ರ ಕಾಯಿಲೆ ಜೊತೆಗಿರಬೇಕು. ಸೌಮ್ಯವಾದ ಚಿಕಿತ್ಸೆಗಳು ವಿಫಲವಾಗಿರಬೇಕು. ಹೀಗಾಗಿ ಬಿಎಂಐ 29 ಇರುವ ವ್ಯಕ್ತಿಗೆ ವೈದ್ಯರು ಸರಿ ಎಂದರೂ ವಿಮಾ ಸಂಸ್ಥೆ ಹಣ ಕೊಡದಿರಬಹುದು. ಆಸ್ಪತ್ರೆಗೆ ಮುಂಗಡ ಕಟ್ಟುವ ಮೊದಲು ಪಾಲಿಸಿಯ ಕಾಯುವ ಅವಧಿಯನ್ನೂ ಸೇರಿಸಿ ಇದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಕಾಯಿಲೆ ಎಳೆಯದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು ಕಟ್ಟುನಿಟ್ಟಿನ ಆಹಾರ ಕ್ರಮವನ್ನೇ ಗಂಭೀರವಾಗಿ ಪರಿಗಣಿಸುವುದು ಯೋಗ್ಯ. ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಹೆಸರಿನ ಅಧ್ಯಯನದಲ್ಲಿ, ಆರು ವರ್ಷದೊಳಗಿನ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರ ಕೊಟ್ಟು, ಆಮೇಲೆ ಹಂತಹಂತವಾಗಿ ಸಾಮಾನ್ಯ ಊಟಕ್ಕೆ ತಂದರು. ಒಂದು ವರ್ಷಕ್ಕೆ ಶೇ 46ರಷ್ಟು, ಎರಡು ವರ್ಷಕ್ಕೆ ಶೇ 36ರಷ್ಟು ಮಂದಿ ಶಮನದಲ್ಲಿದ್ದರು. ಇದು ವೈದ್ಯರ ನಿಗಾದಲ್ಲಿ ಮಾತ್ರ ಮಾಡಬೇಕಾದ ಕ್ರಮ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಗಳು ಈ ಹೋಲಿಕೆಯನ್ನು ಬದಲಿಸಿವೆ. ಟಿರ್ಜೆಪಟೈಡ್ ಚುಚ್ಚುಮದ್ದು ಮತ್ತು ತೂಕ ಇಳಿಸಲೆಂದೇ ಕೊಡುವ ಪ್ರಮಾಣದ ಸೆಮಾಗ್ಲುಟೈಡ್ ಚುಚ್ಚುಮದ್ದು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮಧುಮೇಹ ಇಲ್ಲದವರಲ್ಲಿ ಕಾಣುವಷ್ಟು ತೂಕದ ಇಳಿಕೆ ಮಧುಮೇಹಿಗಳಲ್ಲಿ ಕಾಣುವುದಿಲ್ಲ: ಅಧ್ಯಯನಗಳಲ್ಲಿ ಸೆಮಾಗ್ಲುಟೈಡ್‌ನಿಂದ ದೇಹತೂಕದ ಶೇ 10ರ ಆಸುಪಾಸು, ಟಿರ್ಜೆಪಟೈಡ್‌ನಿಂದ ಶೇ 13ರಿಂದ 15ರಷ್ಟು ಇಳಿದಿದೆ. ಊಟ ಜಠರದಲ್ಲಿ ಸಾಗುವ ದಾರಿಯನ್ನೇ ಬದಲಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ವರ್ಷದಲ್ಲಿ ಸಾಮಾನ್ಯವಾಗಿ ದೇಹತೂಕದ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. ಚುಚ್ಚುಮದ್ದು ನಿಲ್ಲಿಸಿದರೆ ಇಳಿದ ತೂಕದ ಹೆಚ್ಚಿನ ಪಾಲು ಮರಳುತ್ತದೆ ಎಂಬುದನ್ನು ಮರೆಯದೆ, ಎಷ್ಟು ವರ್ಷ ಈ ಖರ್ಚನ್ನು ನಿಭಾಯಿಸಬಲ್ಲೆವು ಎಂದು ಮನೆಯವರು ಕೂತು ಲೆಕ್ಕ ಹಾಕಬೇಕು. ಬಿಎಂಐ 28 ಅಥವಾ 30ರ ಆಸುಪಾಸಿನಲ್ಲಿದ್ದು, ಇನ್ನೂ ಹೊಸ ಔಷಧಗಳನ್ನು ಪ್ರಯತ್ನಿಸದವರು ನೇರವಾಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುವುದು ಅವಸರವೆಂದೇ ನನಗನ್ನಿಸುತ್ತದೆ. ಬಿಎಂಐ 35 ದಾಟಿ, ಎರಡು ಮೂರು ಬಗೆಯ ಮಾತ್ರೆಗೂ ಸಕ್ಕರೆ ಹಿಡಿತಕ್ಕೆ ಬಾರದವರು ಮಾತ್ರ ವರ್ಷಗಟ್ಟಲೆ ಮುಂದೂಡಬಾರದು. ಅವರು ಮುಂದೂಡಿದ ಪ್ರತಿ ವರ್ಷವೂ ಶಮನದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ.

ಸ್ಲೀವ್ ಮತ್ತು ಬೈಪಾಸ್

ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ. ಬಾಳೆಕಾಯಿಯ ಆಕಾರದ ಕೊಳವೆಯೊಂದು ಉಳಿಯುತ್ತದೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೂ ಅದರೊಂದಿಗೆ ಹೋಗುತ್ತದೆ. ಕರುಳಿನ ದಾರಿ ಬದಲಾಗುವುದಿಲ್ಲ. ತೆಗೆದ ಭಾಗವನ್ನು ಮರಳಿ ಜೋಡಿಸಲಾಗದು. ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ; ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಒಳಗೇ ಇರುತ್ತವೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ.

ಸಕ್ಕರೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಬೈಪಾಸ್ ಮುಂದಿದೆ. ನಾರ್ವೆಯಲ್ಲಿ 109 ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಒಂದು ವರ್ಷಕ್ಕೆ ಬೈಪಾಸ್ ಗುಂಪಿನಲ್ಲಿ ಶೇ 74, ಸ್ಲೀವ್ ಗುಂಪಿನಲ್ಲಿ ಶೇ 47 ಮಂದಿ ಶಮನ ಕಂಡಿದ್ದರು. ಕಾಯಿಲೆ ಹಳೆಯದಾದಷ್ಟೂ ಈ ಅಂತರದ ಅರ್ಥ ಬದಲಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2017ರಲ್ಲಿ ಕಾಯಿಲೆಯ ಅವಧಿ, ಮಾತ್ರೆಗಳ ಸಂಖ್ಯೆ, ಇನ್ಸುಲಿನ್ ಬಳಕೆ ಮತ್ತು ಎಚ್‌ಬಿಎ1ಸಿ ಎಂಬ ನಾಲ್ಕು ಅಂಶಗಳನ್ನು ಕೂಡಿಸಿ ರೋಗಿಗಳನ್ನು ಮೂರು ಗುಂಪು ಮಾಡಿದರು. ಸೌಮ್ಯ ಕಾಯಿಲೆಯವರಿಗೆ ಎರಡೂ ಶಸ್ತ್ರಚಿಕಿತ್ಸೆಗಳು ಒಳ್ಳೆಯ ಫಲ ಕೊಟ್ಟವು. ಮಧ್ಯಮ ಗುಂಪಿನಲ್ಲಿ ದೀರ್ಘಕಾಲದ ಶಮನ ಬೈಪಾಸ್‌ನಿಂದ ಶೇ 60, ಸ್ಲೀವ್‌ನಿಂದ ಶೇ 25. ತೀವ್ರ ಗುಂಪಿನಲ್ಲಿ, ಅಂದರೆ ಬಹುಕಾಲದಿಂದ ಇನ್ಸುಲಿನ್ ಬಳಸುತ್ತಿರುವವರಲ್ಲಿ, ಎರಡರಿಂದಲೂ ಸುಮಾರು ಶೇ 12 ಮಾತ್ರ. ಅಂದರೆ ಬೈಪಾಸ್‌ನ ಹೆಚ್ಚುವರಿ ಲಾಭ ಎದ್ದು ಕಾಣುವುದು ನಡುವಿನ ಗುಂಪಿನವರಿಗೆ. ಕಾಯಿಲೆ ತೀರಾ ಬಲಿತವರಿಗೆ ಸುಲಭವೂ ಅಪಾಯ ಕಡಿಮೆಯೂ ಆದ ಸ್ಲೀವ್ ಸಾಕು ಎಂಬುದು ಆ ವೈದ್ಯರ ಸಲಹೆಯಾಗಿತ್ತು. ಎರಡು ಬಗೆಯ ಮಾತ್ರೆ ಮತ್ತು ಆರು ವರ್ಷದ ಕಾಯಿಲೆ ಇದ್ದ ನನ್ನ ಅಕ್ಕ ಸೇರುತ್ತಿದ್ದದ್ದು ಆ ನಡುವಿನ ಗುಂಪಿಗೆ.

ಆದರೆ ಎದೆಯುರಿ ಈ ಲೆಕ್ಕಗಳನ್ನೆಲ್ಲ ಮೀರಬಲ್ಲದು. ಹುಳಿತೇಗು, ರಾತ್ರಿ ಗಂಟಲಿಗೆ ಆಮ್ಲ ಬರುವುದು ಇದ್ದವರಿಗೆ ಸ್ಲೀವ್ ಆದ ಮೇಲೆ ಅದು ಹೆಚ್ಚಬಹುದು; ಬೈಪಾಸ್ ಆದವರಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಫಿನ್‌ಲೆಂಡಿನಲ್ಲಿ ಹತ್ತು ವರ್ಷ ನಡೆದ ಅಧ್ಯಯನದ ಕೊನೆಗೆ ಎಂಡೋಸ್ಕೋಪಿ ಮಾಡಿ ನೋಡಿದಾಗ, ಸ್ಲೀವ್ ಆದವರಲ್ಲಿ ಶೇ 31 ಮಂದಿಗೆ, ಬೈಪಾಸ್ ಆದವರಲ್ಲಿ ಶೇ 7 ಮಂದಿಗೆ ಅನ್ನನಾಳದ ಉರಿಯೂತ ಇತ್ತು. ಆದ್ದರಿಂದ ಮೊದಲೇ ಎಂಡೋಸ್ಕೋಪಿ ಮಾಡಿಸದೆ ಸ್ಲೀವ್‌ಗೆ ಒಪ್ಪಬಾರದೆಂದು ನಾನು ಒತ್ತಿ ಹೇಳುತ್ತೇನೆ. ಮಂಡಿನೋವಿಗೋ ಬೆನ್ನುನೋವಿಗೋ ದಿನವೂ ನೋವಿನ ಮಾತ್ರೆ ನುಂಗುವವರಿಗೆ ಮತ್ತು ಬೀಡಿ ಸಿಗರೇಟು ಬಿಡಲಾರದವರಿಗೆ ಬೈಪಾಸ್ ಸರಿಹೊಂದದು, ಏಕೆಂದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ ಕೊರತೆಯೂ ಬೈಪಾಸ್‌ನಲ್ಲಿ ಹೆಚ್ಚು.

ನಮ್ಮಲ್ಲಿ ಮಿನಿ ಬೈಪಾಸ್ ಎಂದು ಕರೆಯುವ ಒಂದೇ ಜೋಡಣೆಯ ಬೈಪಾಸ್ ಕೂಡ ಬಳಕೆಯಲ್ಲಿದೆ. ಸಕ್ಕರೆಯ ಹಿಡಿತಕ್ಕೆ ಅದು ಪರಿಣಾಮಕಾರಿ, ಮಾಡಲು ತಗಲುವ ಸಮಯವೂ ಕಡಿಮೆ. ಆದರೆ ಪಿತ್ತರಸ ಮೇಲಕ್ಕೆ ನುಗ್ಗುವ ಸಾಧ್ಯತೆ ಇದೆ, ಕರುಳನ್ನು ಹೆಚ್ಚು ಉದ್ದ ಬಳಸಿ ದಾಟಿಸಿದರೆ ಭೇದಿ ಮತ್ತು ಪೋಷಕಾಂಶದ ಕೊರತೆ ಹೆಚ್ಚುತ್ತದೆ. ಸಸ್ಯಾಹಾರಿಗಳು ಇದನ್ನು ಆರಿಸಿಕೊಳ್ಳುವ ಮುನ್ನ ಎಷ್ಟು ಸೆಂಟಿಮೀಟರ್ ಕರುಳನ್ನು ದಾಟಿಸುತ್ತೀರಿ ಎಂದು ಕೇಳಲು ಹಿಂಜರಿಯಬಾರದು. ಹೊಟ್ಟೆಗೆ ಬ್ಯಾಂಡ್ ಹಾಕುವ ಹಳೆಯ ವಿಧಾನವನ್ನು ಈಗ ಹೆಚ್ಚಿನವರು ಕೈಬಿಟ್ಟಿದ್ದಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ಔಷಧಗಳ ಹೊಂದಾಣಿಕೆ

ಯಾವ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರೂ ಮಧುಮೇಹಿಗೆ ಹೆಚ್ಚು ಎಚ್ಚರ ಬೇಕಾದದ್ದು ಔಷಧದ ಪ್ರಮಾಣ ಬದಲಾಗುವ ವಾರಗಳಲ್ಲಿ. ಲಿವರ್ ಕುಗ್ಗಿ ಶಸ್ತ್ರಚಿಕಿತ್ಸೆ ಸಲೀಸಾಗಲೆಂದು ಎರಡು ವಾರ ಮೊದಲೇ ಕಡಿಮೆ ಕ್ಯಾಲರಿಯ ದ್ರವಾಹಾರವನ್ನು ಶುರುಮಾಡಿಸುತ್ತಾರೆ. ಊಟ ಅರ್ಧಕ್ಕಿಂತ ಕಡಿಮೆಯಾಗಿರುವಾಗ ಮಾತ್ರೆಯೂ ಇನ್ಸುಲಿನ್ನೂ ಹಳೆಯ ಪ್ರಮಾಣದಲ್ಲಿಯೇ ಮುಂದುವರಿದರೆ ಸಕ್ಕರೆ ಕುಸಿಯುತ್ತದೆ. ಅಕ್ಕನಿಗೆ ಆದದ್ದು ಅದೇ. ದ್ರವಾಹಾರದ ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಗಿ, ಬೆವರು ಬಂದು, ಮಾತು ತೊದಲಿತು; ಗ್ಲುಕೋಮೀಟರ್ 58 ತೋರಿಸಿತು. ಅರ್ಧ ಲೋಟ ನೀರಿಗೆ ಮೂರು ಚಮಚ ಗ್ಲೂಕೋಸ್ ಪುಡಿ ಕದಡಿ ಕುಡಿಸಿದ ಮೇಲೆ ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡಳು. ಆಮೇಲೆ ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ತಿರುಗಿಸಿ ಓದಿದಾಗ ಕಾರಣ ತಿಳಿಯಿತು. ಅವಳು "ಒಂದು ಮಾತ್ರೆ" ಎಂದು ಹೇಳುತ್ತಿದ್ದುದರ ಒಳಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಇದ್ದವು. ಮೆಟ್‌ಫಾರ್ಮಿನ್ ತಾನಾಗಿ ಸಕ್ಕರೆಯನ್ನು ಅಷ್ಟು ಕೆಳಕ್ಕೆ ತಳ್ಳುವುದಿಲ್ಲ, ಗ್ಲಿಮೆಪಿರೈಡ್ ತಳ್ಳುತ್ತದೆ. ನಮ್ಮ ದೇಶದಲ್ಲಿ ಇಂತಹ ಜೋಡಿ ಮಾತ್ರೆಗಳು ಬಹಳವಾಗಿ ಬಳಕೆಯಲ್ಲಿರುವುದರಿಂದ, ವೈದ್ಯರಿಗೆ ಬ್ರ್ಯಾಂಡಿನ ಹೆಸರು ಹೇಳಿ ಸುಮ್ಮನಾಗದೆ ಪಟ್ಟಿಗಳನ್ನೇ ಚೀಲದಲ್ಲಿ ಕೊಂಡೊಯ್ದು ಮೇಜಿನ ಮೇಲಿಟ್ಟು, ಯಾವುದು ನಿಲ್ಲಬೇಕು, ಯಾವುದು ಅರ್ಧವಾಗಬೇಕು, ಯಾವುದು ಮುಂದುವರಿಯಬೇಕು ಎಂದು ಒಂದೊಂದಾಗಿ ಬರೆಸಿಕೊಳ್ಳಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾಗಿ ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಮಾತ್ರೆಗಳ ವಿಷಯ ಬೇರೆಯೇ. ಉಪವಾಸ ಅಥವಾ ತೀರಾ ಕಡಿಮೆ ಆಹಾರದೊಂದಿಗೆ ಇವು ಸೇರಿದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಪ್ರಾಣಕ್ಕೆ ಅಪಾಯವಾಗಬಹುದು. ಮೋಸವೇನೆಂದರೆ ಆಗ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರಬಹುದು. ಇವನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ದ್ರವಾಹಾರದ ಆರಂಭದಲ್ಲಿಯೇ ನಿಲ್ಲಿಸಬೇಕೇ ಎಂದು ಕೇಳುವುದು ಇನ್ನೂ ಒಳಿತು. ವಾರಕ್ಕೊಮ್ಮೆಯ ಚುಚ್ಚುಮದ್ದು ತೆಗೆದುಕೊಳ್ಳುವವರು ಅದನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಹೊಟ್ಟೆ ಖಾಲಿಯಾಗುವುದನ್ನು ಅದು ನಿಧಾನಗೊಳಿಸುತ್ತದೆ ಮತ್ತು ಅರಿವಳಿಕೆಯ ವೇಳೆ ಉಳಿದ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುತ್ತದೆ. ಎಚ್‌ಬಿಎ1ಸಿ ಶೇ 7ರ ಆಸುಪಾಸಿಗೆ, ಕಾಯಿಲೆ ಬಲಿತವರಲ್ಲಿ ಶೇ 8ರವರೆಗೆ ಬಂದಿದ್ದರೆ ಒಳ್ಳೆಯದೆಂದು ಮಾರ್ಗಸೂಚಿಗಳು ಹೇಳುತ್ತವೆ. ಕಣ್ಣಿನ ಒಳಪೊರೆಯ ಪರೀಕ್ಷೆಯನ್ನೂ ಈ ಹಂತದಲ್ಲಿಯೇ ಮಾಡಿಸಿಕೊಳ್ಳಬೇಕು. ಬಹುಕಾಲ ಏರಿದ್ದ ಸಕ್ಕರೆ ಥಟ್ಟನೆ ಇಳಿದಾಗ ಮೊದಲೇ ಇದ್ದ ಕಣ್ಣಿನ ತೊಂದರೆ ಕೆಲವರಲ್ಲಿ ಹೆಚ್ಚುವುದುಂಟು.

ಶಸ್ತ್ರಚಿಕಿತ್ಸೆಯ ನಂತರ

ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುವುದನ್ನು ಕಂಡು ಮನೆಯವರು ಬೆರಗಾಗುತ್ತಾರೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ಸುಲಿನ್ ಬಹಳಷ್ಟು ಕಡಿಮೆಯಾಗುತ್ತದೆ, ಆದರೆ ಹಲವು ವರ್ಷ ಅದನ್ನು ಬಳಸಿದವರು ತಾವಾಗಿಯೇ ನಿಲ್ಲಿಸಬಾರದು. ಮೆಟ್‌ಫಾರ್ಮಿನ್ ಮುಂದುವರಿದರೆ, ನಿಧಾನವಾಗಿ ಕರಗುವ ದೊಡ್ಡ ಮಾತ್ರೆಯ ಬದಲು ಸಾಮಾನ್ಯ ಮಾತ್ರೆಯನ್ನು ಕೇಳಿ ಪಡೆಯಬೇಕು. ಪಟ್ಟಿಯ ಮೇಲೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದನ್ನು ಪುಡಿಮಾಡಿ ನುಂಗುವಂತಿಲ್ಲ. ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಹಳೆಯ ಪ್ರಮಾಣದಲ್ಲಿಯೇ ಇದ್ದರೆ ನೀರು ಕಡಿಮೆ ಕುಡಿಯುತ್ತಿರುವ ಆ ದಿನಗಳಲ್ಲಿ ತಲೆಸುತ್ತು ಬಂದು ಬೀಳುವಂತಾಗುತ್ತದೆ.

ಊಟದ ವಿಷಯದಲ್ಲಿ ಸ್ಲೀವ್‌ಗೂ ಬೈಪಾಸ್‌ಗೂ ಮೊದಲ ಎರಡು ತಿಂಗಳು ವ್ಯತ್ಯಾಸವಿಲ್ಲ: ತಿಳಿ ದ್ರವ, ಗಟ್ಟಿ ದ್ರವ, ನುಣ್ಣಗೆ ಅರೆದದ್ದು, ಮೆತ್ತನೆಯದು, ಕೊನೆಗೆ ಸಾಮಾನ್ಯ ಊಟ. ಬೇಳೆಕಟ್ಟು, ತಿಳಿಮಜ್ಜಿಗೆ, ಹುರುಳಿಕಟ್ಟಿನ ಸಾರು ನಮ್ಮ ಅಡುಗೆಮನೆಯಲ್ಲೇ ಸಿಗುತ್ತವೆ. ಎಳನೀರು ಮತ್ತು ಹಣ್ಣಿನ ರಸದಲ್ಲಿ ಸಕ್ಕರೆ ಇದೆಯೆಂಬುದು ನೆನಪಿರಬೇಕು. ಮುದ್ದೆ ಉಣ್ಣುವ ನಮ್ಮ ಕಡೆಯವರಿಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಮುದ್ದೆಯನ್ನು ಅಗಿಯದೆ ನುಂಗುವುದೇ ನಮ್ಮ ರೂಢಿ. ಹೊಸ ಹೊಟ್ಟೆಗೆ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯುವುದೇ ನಿಯಮ. ಅಕ್ಕ ಮೂರನೆಯ ತಿಂಗಳಲ್ಲಿ ಆಸೆಗೆ ಬಸ್ಸಾರಿನಲ್ಲಿ ಅದ್ದಿದ ನೆಲ್ಲಿಕಾಯಿ ಗಾತ್ರದ ತುತ್ತೊಂದನ್ನು ನುಂಗಿದಳು. ಅದು ಎದೆಯ ನಡುವೆ ನಿಂತು, ಬಾಯಿತುಂಬ ಜೊಲ್ಲು ಬಂದು, ವಾಂತಿಯಾಗುವವರೆಗೆ ಅರ್ಧ ಗಂಟೆ ಒದ್ದಾಡಿದಳು. ಆಮೇಲೆ ರಾಗಿ ಬೇಕೆನಿಸಿದರೆ ತೆಳ್ಳಗಿನ ಅಂಬಲಿಯನ್ನೇ ಕುಡಿದಳು. ಬಸ್ಸಾರಿಗೆ ಬೇಯಿಸಿದ ಕಾಳನ್ನು ಮಾತ್ರ ಅವಳು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ: ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಮೊಟ್ಟೆಯೊಂದರಲ್ಲಿ ಇರುವುದು ಸುಮಾರು 6 ಗ್ರಾಂ. ಸಸ್ಯಾಹಾರಿಗಳು ಪನೀರ್, ಸೋಯಾ, ಮೊಸರು, ಕಾಳುಗಳ ಜೊತೆಗೆ ಪ್ರೋಟೀನ್ ಪುಡಿಯನ್ನೂ ಅವಲಂಬಿಸಬೇಕಾಗಬಹುದು. ತಟ್ಟೆಯಲ್ಲಿ ಮೊದಲು ಕಾಳು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ.

ಜೀವನಪೂರ್ತಿ ವಿಟಮಿನ್ ಮಾತ್ರೆ ತಪ್ಪದು. ಮೆಟ್‌ಫಾರ್ಮಿನ್ ಕೂಡ ಬಿ12 ಅನ್ನು ಕಡಿಮೆ ಮಾಡುವುದರಿಂದ ಮಧುಮೇಹಿಗೆ ಕೊರತೆ ಎರಡು ಕಡೆಯಿಂದ ಬರುತ್ತದೆ, ಮತ್ತು ಆಗ ಕಾಲು ಜುಮ್ಮೆನ್ನುವುದನ್ನು ಸಕ್ಕರೆಯಿಂದಾದ ನರದೌರ್ಬಲ್ಯವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಬೇಕು. ಕಬ್ಬಿಣವನ್ನು ಕಾಫಿಯೊಂದಿಗೆ ನುಂಗಬಾರದು. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಥಯಮಿನ್ (ಬಿ1 ವಿಟಮಿನ್) ಕೊರತೆಯಿಂದ ಮೆದುಳಿಗೆ ಹಾನಿಯಾಗಬಹುದಾದ್ದರಿಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಸೂಕ್ಷ್ಮವೆಂದರೆ, ರಕ್ತಹೀನತೆ ಇದ್ದಾಗ ಎಚ್‌ಬಿಎ1ಸಿ ನಂಬಲರ್ಹವಲ್ಲ. ಕಬ್ಬಿಣದ ಕೊರತೆ ಅದನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಮನೆಯ ಗ್ಲುಕೋಮೀಟರ್‌ನ ಲೆಕ್ಕದೊಂದಿಗೆ ಹೋಲಿಸಿ ನೋಡದೆ ಔಷಧವನ್ನು ಏರಿಸುವುದೋ ಇಳಿಸುವುದೋ ಸಲ್ಲದು.

ಬೈಪಾಸ್ ಆದವರಲ್ಲಿ ಹೆಚ್ಚಾಗಿ, ಸ್ಲೀವ್ ಆದವರಲ್ಲಿ ಕೆಲವೊಮ್ಮೆ, ವರ್ಷ ಕಳೆದ ಮೇಲೆ ತಲೆದೋರುವ ತೊಂದರೆಯೊಂದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮದುವೆಮನೆಯಲ್ಲಿ ಹೋಳಿಗೆಯೋ ಪಾಯಸವೋ ತಿಂದ ಒಂದರಿಂದ ಮೂರು ಗಂಟೆಯ ಒಳಗೆ ಬೆವರು, ನಡುಕ, ಕಣ್ಣು ಕತ್ತಲೆ. ಸಿಹಿ ಕರುಳಿಗೆ ಒಮ್ಮೆಲೇ ನುಗ್ಗಿ ಇನ್ಸುಲಿನ್ ಉಕ್ಕಿ ಬರುವುದರಿಂದ, ಔಷಧವೇ ಇಲ್ಲದವರಲ್ಲಿಯೂ ಸಕ್ಕರೆ ಕುಸಿಯುತ್ತದೆ. ಆ ಕ್ಷಣಕ್ಕೆ ಸ್ವಲ್ಪ ಗ್ಲೂಕೋಸ್, ಆಮೇಲೆ ಪ್ರೋಟೀನ್ ಇರುವ ತಿಂಡಿ. ಪದೇಪದೇ ಆದರೆ ತಜ್ಞರನ್ನು ಕಾಣಬೇಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಕಾಯಬೇಕು, ಮತ್ತು ಗರ್ಭಿಣಿಯಾದಾಗ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ತಮಗೆ ಸರಿಹೋಗದು ಎಂದು ಪ್ರಸೂತಿ ವೈದ್ಯರಿಗೆ ಹೇಳಬೇಕು.

ಶಮನದಲ್ಲಿರುವವರೂ ವರ್ಷಕ್ಕೊಮ್ಮೆ ಕಣ್ಣು, ಪಾದ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಬಿಡುವಂತಿಲ್ಲ. ಅಕ್ಕನ ಎಚ್‌ಬಿಎ1ಸಿ ಮೂರು ವರ್ಷ ಶೇ 6ರ ಕೆಳಗಿತ್ತು. ನಾಲ್ಕನೆಯ ವರ್ಷದ ಪರೀಕ್ಷೆಯಲ್ಲಿ 6.9 ಬಂತು. ಅವಳು ಅತ್ತಳು, ಏನೋ ತಪ್ಪು ಮಾಡಿದೆನೆಂದು ಅಂದುಕೊಂಡಳು. ತಜ್ಞರು ಹಿಮೋಗ್ಲೋಬಿನ್ ನೋಡಿ, ಹತ್ತು ದಿನದ ಗ್ಲುಕೋಮೀಟರ್ ಲೆಕ್ಕ ತರಿಸಿಕೊಂಡು ನೋಡಿ, 500 ಮಿಲಿಗ್ರಾಂನ ಸಾಮಾನ್ಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ದಿನಕ್ಕೆ ಎರಡು ಹೊತ್ತು ಬರೆದುಕೊಟ್ಟರು. ಮೊದಲು ಅವಳು ತೆಗೆದುಕೊಳ್ಳುತ್ತಿದ್ದುದು ಅದರ ಎರಡರಷ್ಟು, ಜೊತೆಗೆ ಗ್ಲಿಮೆಪಿರೈಡ್.